ಏಕದಿನ ದ್ವೀಪದರ್ಶನ ಮೀಮಾಂಸೆ: ಮಲ್ಪೆ ಅಧಿಕರಣ

ಶಾಸ್ತ್ರಗ್ರಂಥವೆಂದ ಮೇಲೆ ಆರಂಭದಲ್ಲೇ ಅನುಬಂಧ ಚತುಷ್ಟಯವನ್ನು ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ವಿಷಯವೇನು, ಪ್ರಯೋಜನವೇನು, ಎರಡಕ್ಕೂ ಸಂಬಂಧವೇನು, ಓದುವ ಅಧಿಕಾರ ಯಾರಿಗೆ? ಈ ಗ್ರಂಥದ ವಿಷಯ, ಉಡುಪಿ ಜಿಲ್ಲೆಯ ಮಲ್ಪೆಯಿಂದ ಸುಮಾರು ಆರು ಕಿಲೋಮೀಟರು ದೂರ ಕಡಲಲ್ಲಿರುವ ಸೇಂಟ್ ಮೇರೀಸ್ ದ್ವೀಪವನ್ನು ಗೈಡ್ ಸಮೇತ, ಊಟ ಸಮೇತ, ಒಂದೇ ದಿನದಲ್ಲಿ, ಆದಷ್ಟು ಅಗ್ಗದಲ್ಲಿ ನೋಡಿ ಬರುವ ಕ್ರಮ. ಪ್ರಯೋಜನ, ನೋಡಿ ಬಂದೆವೆಂದು ಹೇಳಿಕೊಳ್ಳುವುದು. ಸಂಬಂಧ, ವಾಟ್ಸ್ಯಾಪ್ ಗುಂಪು. ಅಧಿಕಾರಿಯ ವಿಚಾರ ಮಾತ್ರ ಸ್ವಲ್ಪ ಜಟಿಲ. ವೇದಾಂತಿಗಳು ಅಧಿಕಾರಿಗೆ ವಿವೇಕವೂ ವೈರಾಗ್ಯವೂ ಬೇಕೆಂದರು. ಇಲ್ಲಿ ವಿವೇಕ ಕಡ್ಡಾಯವಿಲ್ಲ. ವೈರಾಗ್ಯವು ಬೆಂಗಳೂರಿನಿಂದ ಹೊರಟ ರಾತ್ರಿ ಬಸ್ಸು ಶಿರಾಡಿ ಘಾಟಿ ಇಳಿಯುವಾಗ ಹಿಂದಿನ ಸೀಟಿನವರಿಗೆ ತಾನಾಗಿ ಪ್ರಾಪ್ತವಾಗುತ್ತದೆ. ‘ಮುಂಗಡ ಹಿಂದಿರುಗಿಸಲಾಗುವುದಿಲ್ಲ’ ಎಂಬ ಮಹಾವಾಕ್ಯವನ್ನು ಓದಿಯೂ ಹಣ ಕಟ್ಟಿದವನೇ ಉತ್ತಮಾಧಿಕಾರಿ.

ಇಷ್ಟು ಹೇಳುತ್ತಿದ್ದಂತೆ ಪೂರ್ವಪಕ್ಷಿಯೊಬ್ಬ ಎದ್ದು ನಿಲ್ಲುತ್ತಾನೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು ಕರ್ನಾಟಕದಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳೆಂದು ಗುರುತಿಸಿದ ಜಾಗಗಳಲ್ಲಿ ಈ ದ್ವೀಪ ಒಂದಾದರೆ, ಬೆಂಗಳೂರಿನ ಲಾಲ್‌ಬಾಗ್ ಬಂಡೆ ಇನ್ನೊಂದು. ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು, ದ್ವೀಪದ ಕಲ್ಲಿಗೆ ಸುಮಾರು 8.8 ಕೋಟಿ. ಮನೆಯ ಪಕ್ಕದಲ್ಲೇ ಮೂವತ್ತು ಪಟ್ಟಿಗಿಂತ ಹಳೆಯ ಕಲ್ಲಿರುವಾಗ, ನಾನೂರು ಕಿಲೋಮೀಟರು ಬಸ್ಸಿನಲ್ಲಿ ಕುಲುಕಾಡಿಕೊಂಡು ಹೋಗಿ ಎಳೆಗಲ್ಲೊಂದನ್ನು ನೋಡುವುದು ಯಾವ ಸೀಮೆಯ ಮಿತವ್ಯಯ?

ಸಿದ್ಧಾಂತಿಯ ಉತ್ತರ ಚಿಕ್ಕದು. ಲಾಲ್‌ಬಾಗ್ ಬಂಡೆಯ ಸುತ್ತ ನೀರಿಲ್ಲ. ನೀರಿಲ್ಲದ್ದರಿಂದ ದೋಣಿಯಿಲ್ಲ, ದೋಣಿಯಿಲ್ಲದ್ದರಿಂದ ಟಿಕೆಟ್ಟಿಲ್ಲ, ಟಿಕೆಟ್ಟಿಲ್ಲದ ಕಲ್ಲನ್ನು ಯಾರೂ ನೋಡುವುದಿಲ್ಲ. (ಅಲ್ಲಿ ಕೊಡುವ ಪ್ರವೇಶದ ಟಿಕೆಟ್ಟು ತೋಟದ್ದು, ಬಂಡೆಯದಲ್ಲ.) ದಿನವೂ ಬೆಳಗ್ಗೆ ಅದರ ಮೇಲೆ ನಿಂತು ಕೈಕಾಲು ಬೀಸುವವರು ಕೆಂಪೇಗೌಡರ ಗೋಪುರ ನೋಡುತ್ತಾರೆ, ಸೂರ್ಯ ನೋಡುತ್ತಾರೆ, ಕೈಗಡಿಯಾರದಲ್ಲಿ ಹೆಜ್ಜೆಗಳ ಲೆಕ್ಕ ನೋಡುತ್ತಾರೆ. ಕಾಲಡಿ ನೋಡಿದವರನ್ನು ಹುಡುಕಬೇಕು.

ದ್ವೀಪವನ್ನು ಏಕವಚನದಲ್ಲಿ ಕರೆಯುವುದು ವಾಡಿಕೆಯಾದರೂ ಅಲ್ಲಿರುವುದು ನಡುಗಡ್ಡೆಗಳ ಸಾಲು: ತೆಂಗಿನ ದ್ವೀಪ, ಉತ್ತರ ದ್ವೀಪ, ದಕ್ಷಿಣ ದ್ವೀಪ, ಮತ್ತೆ ದರಿಯಾ ಬಹದ್ದೂರ್ ಗಢ. ಕೊನೆಯದರಲ್ಲಿ ಬಿದನೂರು ನಾಯಕರ ಕಾಲದ ಕೋಟೆಯಿತ್ತು. ಪ್ಯಾಕೇಜಿಗೆ ಸೇರಿದ್ದು ತೆಂಗಿನ ದ್ವೀಪವೊಂದೇ. ಉದ್ದ ಸುಮಾರು 500 ಮೀಟರು, ಅಗಲ ಸುಮಾರು 100. ಉಳಿದವನ್ನು ದೋಣಿಯಿಂದಲೇ ಬೆರಳು ತೋರಿಸಿ ಮುಗಿಸಲಾಗುತ್ತದೆ. ಕರಪತ್ರದಲ್ಲಿ ಇದಕ್ಕೆ ‘ದ್ವೀಪಸಮೂಹ ದರ್ಶನ’ ಎಂದು ಹೆಸರು.

ಕಲ್ಲಿನ ವಿಷಯಕ್ಕೆ ಬರೋಣ. ಅಲ್ಲಿನ ಬಂಡೆ, ಯಾರೋ ಅಳತೆಗೋಲು ಹಿಡಿದು ಕೊರೆದು ನಿಲ್ಲಿಸಿದಂತೆ, ಒತ್ತೊತ್ತಾದ ಕಂಬಗಳಾಗಿ ನಿಂತಿದೆ. ಕೆಲವಕ್ಕೆ ಐದು ಮುಖ, ಹಲವಕ್ಕೆ ಆರು, ಅಪರೂಪಕ್ಕೆ ಏಳು. ಎತ್ತರದವು ಆರು ಮೀಟರಿನ ಆಸುಪಾಸು. ದಪ್ಪನೆಯ ಲಾವಾ ಹೊರಬಂದು ಮೇಲಿನಿಂದಲೂ ತಳದಿಂದಲೂ ಆರತೊಡಗಿದಾಗ ಕಲ್ಲು ಕುಗ್ಗುತ್ತದೆ. ಕುಗ್ಗಲು ಜಾಗವಿಲ್ಲದೆ ಬಿರಿಯುತ್ತದೆ. ಮೂರು ಬಿರುಕುಗಳು ಸಮಕೋನದಲ್ಲಿ, ಅಂದರೆ 120 ಡಿಗ್ರಿಯಲ್ಲಿ ಕೂಡಿದರೆ ಕಡಿಮೆ ಬಿರುಕಿನಲ್ಲಿ ಹೆಚ್ಚು ಬಿಗಿತ ಸಡಿಲವಾಗುತ್ತದೆ, ಹಾಗಾಗಿ ಷಟ್ಕೋನ. ತಂಪು ಒಳಗಿಳಿದಂತೆಲ್ಲ ಬಿರುಕೂ ಒಳಗಿಳಿದು ಕಂಬ ಬೆಳೆಯುತ್ತದೆ. ಖರ್ಚು ಕಡಿಮೆ, ಫಲ ಹೆಚ್ಚು: ಅಗ್ಗದ ಪ್ಯಾಕೇಜಿನ ಮೂಲತತ್ತ್ವ ಲಾವಾಕ್ಕೆ 8.8 ಕೋಟಿ ವರ್ಷದ ಹಿಂದೆಯೇ ಗೊತ್ತಿತ್ತೆಂದು ಇದರಿಂದ ಸಿದ್ಧ. ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇಯಲ್ಲೂ ಇಂಥ ಸುಮಾರು 40,000 ಕಂಬಗಳಿವೆ. ಅವು ಬಸಾಲ್ಟಿನವು, ಜಗತ್ತಿನ ಬಹುಪಾಲು ಕಂಬಗಲ್ಲುಗಳೂ ಹಾಗೆಯೇ. ಮಲ್ಪೆಯವು ಸಿಲಿಕಾ ಹೆಚ್ಚಿರುವ ರಯೋಲೈಟ್, ಡೇಸೈಟ್ ಬಳಗದವು. ಈ ಭೇದವನ್ನು ತಿಳಿದು ಪ್ರವಾಸಿಗೆ ಏನಾಗಬೇಕು ಎಂದು ಕೇಳಿದರೆ, ಏನೂ ಆಗಬೇಕಿಲ್ಲ. ಶಾಸ್ತ್ರಕ್ಕೆ ಆಗಬೇಕು.

ಲಾವಾ ಉಕ್ಕಿದ್ದಕ್ಕೆ ಕಾರಣ ಮಡಗಾಸ್ಕರ್. ಅಲ್ಲಿಯತನಕ ಅದು ನಮ್ಮ ಪಶ್ಚಿಮ ತೀರಕ್ಕೆ ಅಂಟಿಕೊಂಡೇ ಇತ್ತು. ಅವಿಭಕ್ತ ಕುಟುಂಬ ಪಾಲಾಗಿ, ನಡುಮನೆಯಲ್ಲೇ ಗೋಡೆ ಸೀಳಿ, ಆ ಬಿಸಿಯಲ್ಲಿ ಹೊರಬಿದ್ದದ್ದು ಈ ಕಲ್ಲು. ಆಗಿನ್ನೂ ಹಿಮಾಲಯ ಹುಟ್ಟಿರಲಿಲ್ಲ, ಡೈನೋಸಾರುಗಳು ಓಡಾಡಿಕೊಂಡಿದ್ದವು. ಘಟನೆ ಯಾವಾಗ ನಡೆಯಿತೆಂಬುದರಲ್ಲಿ ವಿಜ್ಞಾನಿಗಳ ಲೆಕ್ಕಗಳ ನಡುವೆ ಐವತ್ತು ಲಕ್ಷ ವರ್ಷದಷ್ಟು ಹೆಚ್ಚುಕಡಿಮೆಯಿದೆ. ಗೈಡು ಅಷ್ಟು ಉದಾರಿಯಲ್ಲ. “ಸರಿಯಾಗಿ ಒಂದು ಗಂಟೆ. ಹನ್ನೊಂದೂವರೆಗೆ ಎಲ್ಲರೂ ಇಲ್ಲೇ ಇರ್ಬೇಕು ಆಯ್ತಾ?” ಎಂದು ಹೇಳಿ ಆತ ನೆರಳಿಗೆ ಹೋಗುತ್ತಾನೆ.

ಉಡುಪಿ ಆಚಾರ್ಯ ಮಧ್ವರ ನೆಲ. ಅವರ ಮತದಲ್ಲಿ ಪ್ರಮಾಣಗಳು ಮೂರು: ಪ್ರತ್ಯಕ್ಷ, ಅನುಮಾನ, ಆಗಮ. ದ್ವೀಪದರ್ಶನಕ್ಕೂ ಇವೇ ಸಾಕು. ಪ್ರತ್ಯಕ್ಷವೆಂದರೆ ಮೊಬೈಲಿನ ಪರದೆಯಲ್ಲಿ ಕಂಡದ್ದು. ಕಂಬಗಳಿಗೆ ಬೆನ್ನು ಹಾಕಿ ನಿಂತರೆ ಮಾತ್ರ ಅವು ಕಾಣುತ್ತವೆ ಎಂಬುದು ಈ ಪ್ರಮಾಣದ ವೈಶಿಷ್ಟ್ಯ. ಅನುಮಾನವೆಂದರೆ, ಎಳನೀರಿನ ಬೆಲೆ ಕೇಳಿದೊಡನೆ ಅದು ಯಾವ ಊರಿನಿಂದ ದೋಣಿ ಹತ್ತಿ ಬಂದಿರಬಹುದೆಂದು ಊಹಿಸುವುದು. ಆಗಮವೆಂದರೆ ಗೈಡಿನ ಮಾತು. ಅದಕ್ಕೆ ಅಪೌರುಷೇಯತ್ವ ಹೇಳಲಾಗದು, ಆದರೆ ಮೂಲಕರ್ತೃ ಯಾರೆಂದು ಅವನಿಗೂ ಗೊತ್ತಿಲ್ಲ.

“ಈ ಕಲ್ಲು ಉಂಟಲ್ಲ, ಇದನ್ನು ಯಾರೂ ಕೆತ್ತಿದ್ದಲ್ಲ ಮಾರಾಯ್ರೆ. ಅದರಷ್ಟಕ್ಕೇ ಹೀಗೆ ಆದದ್ದು.”

“ಹಂಗಾದ್ರೆ ಪಾಂಡವರಲ್ವಾ?” ಎಂದು ಹಿಂದಿನಿಂದ ಯಾರೋ ನಿರಾಶೆಯಿಂದ ಕೇಳುತ್ತಾರೆ. ಗೈಡು ಒಂದು ಕ್ಷಣ ತೂಗಿ ನೋಡಿ, “ಅವರು ಬಂದು ಹೋಗಿರ್ಲಿಕ್ಕೂ ಸಾಕು” ಎನ್ನುತ್ತಾನೆ. ದಿನಗೂಲಿಯ ಜೊತೆ ಟಿಪ್ಸನ್ನು ನೆಚ್ಚಿ ಬದುಕುವ ವಿದ್ವಾಂಸನು ಪ್ರತಿವಾದಿಯನ್ನು ಪೂರ್ತಿ ಖಂಡಿಸಬಾರದು.

ಆಗಮದ ಮುಂದಿನ ಭಾಗ ವಾಸ್ಕೋ ಡ ಗಾಮ. 1498ರಲ್ಲಿ ಅವನು ಕಲ್ಲಿಕೋಟೆಗೆ ಹೋಗುವ ಮೊದಲು ಇಲ್ಲಿ ಇಳಿದು, ಶಿಲುಬೆ ನೆಟ್ಟು, ಸಂತ ಮೇರಿಯ ಹೆಸರಿಟ್ಟನೆಂದು ಗೈಡು ಹೇಳುತ್ತಾನೆ. ಹೆಸರಿನ ಮೂಲ ಅದೇ ಎಂಬ ಪ್ರತೀತಿಯಿದೆ. ಆದರೆ ಗಾಮ ಆಫ್ರಿಕದ ಮಲಿಂದಿಯಿಂದ ಕಡಲು ದಾಟಿ ನೇರ ಕಲ್ಲಿಕೋಟೆಯ ಬದಿಗೆ ಬಂದವನು. ಇತ್ತ ಬಂದದ್ದು ಹಿಂದಿರುಗುವಾಗ, ಸೆಪ್ಟೆಂಬರಿನಲ್ಲಿ, ಕಾರವಾರದ ಹತ್ತಿರದ ಅಂಜದೀವಿಗೆ ಹೋಗುವ ದಾರಿಯಲ್ಲಿ. ಅಂದರೆ ಮಳೆಗಾಲ ಮುಗಿಯುವ ಮೊದಲು, ಈಗಿನ ಲೆಕ್ಕದಲ್ಲಿ ದೋಣಿ ಬಿಡದ ತಿಂಗಳು. ಸೀಸನ್ ನೋಡದೆ ಬರುವ ಪ್ರವಾಸಿಗಳ ಪರಂಪರೆ ಅಷ್ಟು ಹಳೆಯದು.

ಗೈಡು ಏಕೆ ಬೇಕೆಂಬುದಕ್ಕೂ ಇದೇ ಗಾಮನಲ್ಲಿ ಬಲವಾದ ಪ್ರಮಾಣವಿದೆ. ಬರುವಾಗ ಮಲಿಂದಿಯ ದೊರೆ ಒಬ್ಬ ನುರಿತ ನಾವಿಕನನ್ನು ಜೊತೆಗೆ ಕೊಟ್ಟಿದ್ದ. ಆತನಿಗೆ ಮಾರುತಗಳ ಮರ್ಮ ಗೊತ್ತು. ಅರಬ್ಬೀ ಸಮುದ್ರ ದಾಟಲು ಹಿಡಿದದ್ದು ಮೂರು ವಾರ ಚಿಲ್ಲರೆ. ಹೋಗುವಾಗ ಗಾಮ ಗಾಳಿ ತಿರುಗುವವರೆಗೆ ಕಾಯದೆ ಅಕ್ಟೋಬರಿನ ಆರಂಭದಲ್ಲೇ ಅಂಜದೀವಿ ಬಿಟ್ಟ. ಅದೇ ಕಡಲಿಗೆ ಹೆಚ್ಚುಕಡಿಮೆ ಮೂರು ತಿಂಗಳು ಹಿಡಿಯಿತು. ಸ್ಕರ್ವಿ ರೋಗದಿಂದ ಸಾಲುಸಾಲಾಗಿ ಜನ ಸತ್ತರು. ಉಳಿದವರು ಮೂರು ಹಡಗು ನಡೆಸಲು ಸಾಲದೆ, 1499ರ ಜನವರಿಯಲ್ಲಿ ಸಾವೊ ರಫಾಯೆಲ್ ಎಂಬ ಹಡಗನ್ನು ಅವರೇ ಸುಟ್ಟರು. ಗೈಡಿನ ಖರ್ಚು ಉಳಿಸಲು ಹೊರಡುವ ಮಿತವ್ಯಯಿಗಳು ಈ ಬಾಬ್ತನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ದ್ವೈತಿಗಳ ಪಂಚಭೇದವೂ ದ್ವೀಪದಲ್ಲಿ ಅಕ್ಷರಶಃ ಸತ್ಯ. ಜೀವ ಮತ್ತು ಈಶ್ವರರ ಭೇದ: ಪ್ರವಾಸಿಗೂ ಪ್ಯಾಕೇಜಿನ ಮಾಲೀಕನಿಗೂ ಇರುವ ಅಂತರ. ಮಾಲೀಕ ಬೆಂಗಳೂರಿನಲ್ಲಿರುತ್ತಾನೆ, ಎಲ್ಲವನ್ನೂ ನಡೆಸುತ್ತಾನೆ, ಫೋನಿಗೆ ಸಿಗುವುದಿಲ್ಲ. ಜೀವಜೀವರ ಭೇದವು ಕಿಟಕಿ ಸೀಟಿನಲ್ಲಿ ತೊಡಗಿ ಮಿಕ್ಕ ಪುಳಿಯೋಗರೆಯ ಪಾಲಿನವರೆಗೆ ವ್ಯಾಪಿಸಿದೆ. ಜಡಜಡಗಳ ಭೇದಕ್ಕೆ ಐದು, ಆರು, ಏಳು ಮುಖದ ಕಂಬಗಳೇ ಸಾಕ್ಷಿ. ಈಶ್ವರ ಮತ್ತು ಜಡದ ಭೇದ ಅತ್ಯಂತ ಸ್ಪಷ್ಟ, ಏಕೆಂದರೆ ಮಾಲೀಕ ಈ ಕಲ್ಲನ್ನು ಇದುವರೆಗೆ ನೋಡಿಯೇ ಇಲ್ಲ. ಕಷ್ಟವಿರುವುದು ಜೀವ ಮತ್ತು ಜಡದ ಭೇದದಲ್ಲಿ. ರಾತ್ರಿಯಿಡೀ ನಿದ್ದೆಗೆಟ್ಟು, ಬಿಸಿಲಿನಲ್ಲಿ ಕಂಬಕ್ಕೆ ಒರಗಿ ಕುಳಿತ ಹಿರಿಯರನ್ನು ದೂರದಿಂದ ನೋಡಿದವರಿಗೆ ಅಲ್ಲಿ ಅಭೇದವೇ ತೋರುತ್ತದೆ.

ಒಂದು ಮಾತನ್ನು ಅಣಕವಿಲ್ಲದೆ ಹೇಳಬೇಕು. ಅಲೆ ಬಡಿಯುವ ಅಂಚಿನ ಕಲ್ಲುಗಳು ಪಾಚಿಯಿಂದ ಜಾರುತ್ತವೆ, ಕೆಳಗೆ ಆಳವಿದೆ. 2022ರ ಏಪ್ರಿಲಿನಲ್ಲಿ ಪ್ರವಾಸ ಬಂದ ವಿದ್ಯಾರ್ಥಿಗಳು ಇಲ್ಲಿ ನೀರುಪಾಲಾದರು. ಜೀವರಕ್ಷಕರು ಸೀಟಿ ಊದುವುದು ಅದಕ್ಕಾಗಿ. ಆ ಸೀಟಿಗೆ ವ್ಯಾಖ್ಯಾನ ಬರೆಯುವ ಅಗತ್ಯವಿಲ್ಲ, ಕೇಳಿದ ಕೂಡಲೇ ಹಿಂದೆ ಸರಿದರಾಯಿತು.

ಊಟದ ಅಧಿಕರಣ ಸಣ್ಣದು, ಆದರೆ ಅರ್ಥಗರ್ಭಿತ. ‘ಮಧ್ಯಾಹ್ನದ ಊಟ ಪ್ಯಾಕೇಜಿನಲ್ಲಿ ಸೇರಿದೆ’ ಎಂದು ಕರಪತ್ರದಲ್ಲಿ ದಪ್ಪಕ್ಷರದಲ್ಲಿರುತ್ತದೆ. ದ್ವೀಪದಿಂದ ಮರಳಿದವರನ್ನು ಗೈಡು ಉಡುಪಿಯ ಕೃಷ್ಣ ಮಠಕ್ಕೆ ಕರೆದೊಯ್ದು, ನವಗ್ರಹ ಕಿಂಡಿಯಿಂದ ದರ್ಶನ ಮಾಡಿಸಿ, ಭೋಜನಶಾಲೆಯ ಸಾಲಿನಲ್ಲಿ ನಿಲ್ಲಿಸುತ್ತಾನೆ. ಮಠದಲ್ಲಿ ಭಕ್ತರಿಗೆಲ್ಲ ಊಟ ಉಚಿತ. ಉಚಿತವಾದದ್ದನ್ನು ಬೆಲೆಯೊಳಗೆ ಸೇರಿಸಿದ ಈ ಉಪಾಯವನ್ನು ಅರ್ಥಶಾಸ್ತ್ರಜ್ಞರು ಹೇಗೆ ನೋಡುತ್ತಾರೋ, ಸಾರು ಬಡಿಸಿಕೊಂಡವರು ಯಾರೂ ತಕರಾರು ತೆಗೆದದ್ದಿಲ್ಲ.

ಇನ್ನು ಶಾಸ್ತ್ರದ ಹೃದಯಭಾಗವಾದ ತಲೆ ಎಣಿಕೆ. ಗೈಡಿನ ಉಳಿದೆಲ್ಲ ಕರ್ತವ್ಯಗಳೂ ಗೌಣ. ಮಲ್ಪೆಯಲ್ಲಿ ಲೈಫ್ ಜಾಕೆಟ್ ಹಾಕಿಸುವಾಗ ಒಮ್ಮೆ, ದೊಡ್ಡ ದೋಣಿಯಿಂದ ಸಣ್ಣ ದೋಣಿಗೆ ದಾಟಿಸಬೇಕಾಗಿ ಬಂದರೆ ಮತ್ತೊಮ್ಮೆ, ದ್ವೀಪ ಬಿಡುವಾಗ ಮಗದೊಮ್ಮೆ ಎಣಿಸಬೇಕು. ಎಣಿಸುವಾಗ ಧ್ವನಿವರ್ಧಕದಲ್ಲಿ ಹಾಡು, ಹಾಡಿಗೆ ಕುಣಿತ. ಕುಣಿಯುವ ತಲೆ ಎರಡೆರಡು ಸಲ ಲೆಕ್ಕಕ್ಕೆ ಸಿಗುತ್ತದೆ. ಹೊಳೆ ದಾಟಿದ ಹತ್ತು ಮಂದಿ ತಮ್ಮನ್ನು ತಾವೇ ಬಿಟ್ಟು ಒಂಬತ್ತೆಂದು ಎಣಿಸಿ ಅತ್ತ ಕಥೆಯನ್ನು ಅದ್ವೈತಿಗಳು ಹೇಳುತ್ತಾರೆ. ದ್ವೀಪದರ್ಶನದಲ್ಲಿ ಸಮಸ್ಯೆ ಬೇರೆ ಬಗೆಯದು.

ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಹೋಗುವಾಗ ಮೂವತ್ತೆರಡು, ಬರುವಾಗಲೂ ಮೂವತ್ತೆರಡು. ಎಲ್ಲರ ತಲೆಯ ಮೇಲೂ ಹಳದಿ ಟೋಪಿ. ಗೈಡು ಸಂತೃಪ್ತ, ದೋಣಿ ಹೊರಟಿತು. ಮಲ್ಪೆಯ ದಂಡೆಯಲ್ಲಿ ಬಸ್ಸು ಹತ್ತುವಾಗ ಮಹಿಳೆಯೊಬ್ಬರು, “ನಮ್ಮೆಜಮಾನ್ರು ಎಲ್ಲಿ?” ಎಂದರು. ಅವರ ಪಕ್ಕದ ಸೀಟಿನಲ್ಲಿ ಕುಳಿತಿದ್ದದ್ದು ದಾವಣಗೆರೆಯಿಂದ ಬೇರೊಂದು ಪ್ಯಾಕೇಜಿನಲ್ಲಿ ಬಂದಿದ್ದ, ಅದೇ ಹಳದಿ ಟೋಪಿಯ ನಿವೃತ್ತ ಮೇಷ್ಟ್ರು.

ಸಂಖ್ಯೆ ಸರಿ, ವ್ಯಕ್ತಿ ತಪ್ಪು. ಇಂಥಲ್ಲಿ ಎಣಿಕೆಗೆ ಪ್ರಾಮಾಣ್ಯವಿದೆಯೋ ಇಲ್ಲವೋ? ಗೈಡಿನ ಪಕ್ಷ ಸ್ಪಷ್ಟ: “ನನ್ನ ಲೆಕ್ಕದಲ್ಲಿ ಒಂದೂ ಹೆಚ್ಚು ಕಡಿಮೆ ಇಲ್ಲ ಅಮ್ಮ. ಬೇಕಾದ್ರೆ ನೀವೇ ಎಣಿಸಿ.” ಅಷ್ಟರಲ್ಲಿ ದ್ವೀಪದಿಂದ ಇನ್ನೊಬ್ಬ ಗೈಡಿನ ಫೋನು ಬಂತು. ಅವನ ಲೆಕ್ಕವೂ ಸರಿಯಾಗಿತ್ತು. ಮುಂದಿನ ದೋಣಿಯಲ್ಲಿ ಯಜಮಾನರನ್ನು ಕಳಿಸುವುದು, ದಂಡೆಯಲ್ಲೇ ಅದಲುಬದಲು ಮಾಡಿಕೊಳ್ಳುವುದು ಎಂದು ಇಬ್ಬರು ಗೈಡುಗಳ ನಡುವೆ ತುಳುವಿನಲ್ಲಿ ಒಪ್ಪಂದವಾಯಿತು. ಒಪ್ಪದವರು ಯಜಮಾನರು ಮಾತ್ರ. ಆ ಪ್ಯಾಕೇಜಿನಲ್ಲಿ ಸಂಜೆಯ ಚಹಾದ ಜೊತೆ ಗೋಳಿಬಜೆ ಇದೆಯೆಂದು ಅವರಿಗೆ ಅಷ್ಟರಲ್ಲಿ ತಿಳಿದುಹೋಗಿತ್ತು.