ಬಾಲ್ಕನಿಯ ಕಾಯಿದೆ

ಒಂದು ಕಾಲಕ್ಕೆ ನಮ್ಮ ಆಫೀಸಿನಲ್ಲಿ ಯಾರ ಅಂತಸ್ತು ಎಷ್ಟು ಎನ್ನುವುದನ್ನು ಆಷ್‌ಟ್ರೇ ನೋಡಿ ಹೇಳಬಹುದಿತ್ತು. ಸಾಹೇಬರಿಗೆ ದಪ್ಪ ಗಾಜಿನದು, ಸೂಪರಿಂಟೆಂಡೆಂಟರಿಗೆ ಅಲ್ಯುಮಿನಿಯಮ್ಮಿನದು, ಗುಮಾಸ್ತರಿಗೆ ಅಂಚು ಒಡೆದ ಸಾಸರು, ಜವಾನನಿಗೆ ಕಿಟಕಿ. ಹೆಂಗಸರಾದ ನಮ್ಮ ಪಾಲಿಗೆ ಬರುತ್ತಿದ್ದದ್ದು ಹೊಗೆ ಮಾತ್ರ. ಅದನ್ನು ಹಂಚುವಾಗ ಯಾರೂ ಮೇಲು ಕೀಳು ಎಣಿಸುತ್ತಿರಲಿಲ್ಲ. ಸಾಹೇಬರ ವಿಲ್ಸು, ಸೂಪರಿಂಟೆಂಡೆಂಟರ ಬರ್ಕ್ಲಿ, ಜವಾನನ ಬೀಡಿ ಎಲ್ಲವೂ ಫ್ಯಾನಿನ ಕೆಳಗೆ ಒಂದಾಗಿ, ಸಂಜೆ ನಮ್ಮ ಜಡೆಯಲ್ಲಿ ಮನೆಗೆ ಬರುತ್ತಿದ್ದವು. ಫೈಲುಗಳದ್ದೂ ಇದೇ ಪಾಡು. ಅನುಭವವುಳ್ಳವರು ಒಂದು ಫೈಲನ್ನು ಮೂಸಿದರೆ ಸಾಕು, ಅದು ಯಾರ ಮೇಜಿನ ಮೇಲೆ ಎಷ್ಟು ಕಾಲ ಕೊಳೆತಿತ್ತು ಎಂದು ಹೇಳಿಬಿಡುತ್ತಿದ್ದರು.

ಸಾರ್ವಜನಿಕ ಸ್ಥಳದಲ್ಲಿ ಸೇದುವುದನ್ನು ನಿಷೇಧಿಸುವ ಕಾಯಿದೆ 2003ರಲ್ಲೇ ಬಂದಿತ್ತು. ಆದರೆ ಕಚೇರಿ, ಹೋಟೆಲು, ಸಿನಿಮಾ ಮಂದಿರಗಳಲ್ಲೆಲ್ಲ ಸೇದುವಂತಿಲ್ಲ ಎಂಬ ನಿಯಮ ಬಿಗಿಯಾಗಿ ಜಾರಿಗೆ ಬಂದದ್ದು 2008ರ ಅಕ್ಟೋಬರ್ 2ರಂದು. ಗಾಂಧಿ ಜಯಂತಿಗೆ ರಜೆಯಾದ್ದರಿಂದ ನಮ್ಮ ಆಫೀಸಿನವರು ಆ ದಿನ ಒಬ್ಬರೂ ಕಾನೂನು ಮುರಿಯಲಿಲ್ಲ. ಮಾರನೆಯ ದಿನ ಬಾಗಿಲಲ್ಲಿ ಅರುವತ್ತು ಸೆಂಟಿಮೀಟರ್ ಉದ್ದ, ಮೂವತ್ತು ಸೆಂಟಿಮೀಟರ್ ಅಗಲದ ಬೋರ್ಡು ಬಂದು ಕೂತಿತು. ಅಳತೆಯೂ ನಿಯಮದಲ್ಲೇ ಇತ್ತು. ಆಷ್‌ಟ್ರೇ, ಕಡ್ಡಿಪೆಟ್ಟಿಗೆ, ಲೈಟರು ಯಾವುದನ್ನೂ ಇಡಕೂಡದೆಂದೂ ಇತ್ತು. ಯಾರಾದರೂ ಸೇದಿದರೆ ದೂರು ಯಾರಿಗೆ ಕೊಡಬೇಕೋ ಅವರ ಹೆಸರನ್ನೂ ಪ್ರಕಟಿಸಬೇಕಿತ್ತು. ಈ ಜವಾಬ್ದಾರಿಗೆ ನಮ್ಮ ಸಾಹೇಬರು ಆರಿಸಿದ್ದು ಹೆಡ್ ಕ್ಲರ್ಕನ್ನು. ಆ ಮಹಾನುಭಾವರು ಒಂದು ಸಿಗರೇಟಿನ ಬೆಂಕಿಯಲ್ಲೇ ಇನ್ನೊಂದನ್ನು ಹಚ್ಚುವ ಜಾತಿ. "ದೂರು ಇದ್ರೆ ಧಾರಾಳವಾಗಿ ಕೊಡಿ ಮೇಡಂ, ಎದುರುಗಡೆ ಅಂಗಡಿ ಹತ್ರ ಇರ್ತೀನಿ" ಎಂದು ಹೇಳಿ ಹೊರಟರು. ನಿವೃತ್ತಿಯಾಗುವವರೆಗೂ ಬಹುಪಾಲು ಅಲ್ಲೇ ಇದ್ದರು.

ನಿಷೇಧದಿಂದ ಆಫೀಸು ಶುದ್ಧವಾಯಿತು, ನಿಜ. ಆದರೆ ಆಫೀಸೇ ಎದ್ದು ಗೂಡಂಗಡಿಗೆ ಹೋಯಿತು. ಅಲ್ಲಿ ಕಂಬಕ್ಕೆ ನೇತುಬಿಟ್ಟ ಹಗ್ಗದ ತುದಿಯಲ್ಲಿ ಸದಾ ಒಂದು ಕಿಡಿ ಇರುತ್ತಿತ್ತು. ಅದರ ಸುತ್ತ ಸಾಹೇಬರು, ಗುಮಾಸ್ತರು, ಡ್ರೈವರು, ಜವಾನ ಎಲ್ಲರೂ ಒಂದೇ ಕುಲ. ಯಾರಿಗೆ ವರ್ಗ, ಯಾರಿಗೆ ಬಡ್ತಿ, ಯಾವ ಟೆಂಡರು ಯಾವ ಕಡೆಗೆ ವಾಲಿದೆ ಎಂಬುದೆಲ್ಲ ಅಲ್ಲಿ ಇತ್ಯರ್ಥವಾಗಿ, ಒಳಗೆ ಬಂದು ಬರೀ ಟೈಪಾಗುತ್ತಿತ್ತು. ರಜೆ ಮಂಜೂರಿಗೆ ನಾವು ಹೆಂಗಸರು ಅರ್ಜಿ ಬರೆದು, ಕಾದು, ನೆನಪಿಸಿ, ಮತ್ತೆ ಕಾಯುತ್ತಿದ್ದೆವು. ಜವಾನ ಸಾಹೇಬರಿಗೆ ಬೆಂಕಿ ಕೊಟ್ಟು, ಅವರು ಮೊದಲ ದಮ್ಮು ಎಳೆದು ಹೊಗೆ ಬಿಡುವಷ್ಟರಲ್ಲಿ ಹಬ್ಬಕ್ಕೆ ನಾಲ್ಕು ದಿನ ರಜೆ ಗಿಟ್ಟಿಸಿರುತ್ತಿದ್ದ. ಹೊಸದಾಗಿ ಸೇರಿದ್ದ ಹುಡುಗನೊಬ್ಬನಿಗೆ ಈ ಮರ್ಮ ಬೇಗ ತಿಳಿಯಿತು. ಸೇದುವ ಅಭ್ಯಾಸವಿಲ್ಲದ ಅವನು ಬಾಯಿಗೊಂದು ಏಲಕ್ಕಿ ಹಾಕಿಕೊಂಡು ಹೋಗಿ ನಿಂತು, ಬರೀ ಕೆಮ್ಮಿಯೇ ಮೇಲೆ ಬಂದ.

ಹೊಗೆಗೂ ಅಧಿಕಾರಕ್ಕೂ ಇರುವ ಈ ನೆಂಟಸ್ತಿಕೆ ಹಳೆಯದು. ಹದಿನೇಳನೆಯ ಶತಮಾನದ ಆರಂಭದಲ್ಲಿ ಅಸದ್ ಬೇಗ್ ಎಂಬ ಮೊಗಲ್ ಅಧಿಕಾರಿ ನಮ್ಮ ವಿಜಾಪುರದ ಆದಿಲಶಾಹಿ ಆಸ್ಥಾನಕ್ಕೆ ಬಂದವನು, ಅಲ್ಲಿ ಕಂಡ ತಂಬಾಕನ್ನೂ ರತ್ನ ಕೆತ್ತಿದ ಕೊಳವೆಯನ್ನೂ ಅಕ್ಬರನಿಗೆ ಕಾಣಿಕೆಯಾಗಿ ಕೊಂಡೊಯ್ದ. ಬಾದಶಹ ಒಂದೆರಡು ದಮ್ಮು ಎಳೆದ. ವೈದ್ಯರು ಬೇಡವೆಂದರು. ಅಕ್ಬರ ಬಿಟ್ಟ, ಆಸ್ಥಾನದ ಅಮೀರರು ಹಿಡಿದುಕೊಂಡರು. ಮುಂದೆ ಜಹಾಂಗೀರ 1617ರಲ್ಲಿ ರಾಜ್ಯದಲ್ಲೆಲ್ಲ ತಂಬಾಕು ನಿಷೇಧಿಸಿದ. ಅತ್ತ ಇರಾನಿನ ಷಾ ಅಬ್ಬಾಸನೂ ನಿಷೇಧಿಸಿದ್ದ. ಆ ಷಾನ ಬಳಿಗೆ ಜಹಾಂಗೀರ ಕಳಿಸಿದ್ದ ರಾಯಭಾರಿ ಖಾನ್ ಆಲಮನಿಗೆ ಮಾತ್ರ ಹೊಗೆಯಿಲ್ಲದೆ ಗಳಿಗೆ ಕಳೆಯದು. ಅವನ ಸಂಕಟವನ್ನು ಷಾಗೆ ಅರಿಕೆ ಮಾಡಿದರಂತೆ, ಷಾ ಒಂದು ಪದ್ಯ ಬರೆದು ಉತ್ತರ ಕೊಟ್ಟನಂತೆ. ಜಹಾಂಗೀರನೇ ತನ್ನ ಆತ್ಮಕಥೆಯಲ್ಲಿ ಇದನ್ನು ಬರೆದುಕೊಂಡಿದ್ದಾನೆ. ನಿಷೇಧ ಹುಟ್ಟಿದ ಮನೆಯಲ್ಲೇ ಶಿಫಾರಸೂ ಹುಟ್ಟಿತು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಶಿಫಾರಸು ನಡೆಯದ ಜಾಗ ಒಂದೇ, ಅದು ಮನೆ. ವಿಚಿತ್ರವೆಂದರೆ 2003ರ ಕಾಯಿದೆಗೆ ಹೊಸ್ತಿಲು ದಾಟುವ ಅಧಿಕಾರವಿಲ್ಲ. ಅದು ಸಾರ್ವಜನಿಕ ಸ್ಥಳಕ್ಕಷ್ಟೇ. ಆದರೂ ತಂಬಾಕು ಬಳಕೆಯ ಸಮೀಕ್ಷೆಯ ಲೆಕ್ಕ ನೋಡಿ. 2009-10ರಲ್ಲಿ ಮನೆಯೊಳಗೆ ಬೇರೆಯವರ ಹೊಗೆ ಕುಡಿಯುತ್ತಿದ್ದ ಭಾರತದ ವಯಸ್ಕರು ನೂರಕ್ಕೆ 52. 2016-17ರ ಹೊತ್ತಿಗೆ ಅದು 39ಕ್ಕೆ ಇಳಿದಿತ್ತು. ಬೋರ್ಡು, ದಂಡ, ದೂರು ಕೇಳುವ ಅಧಿಕಾರಿ ಎಲ್ಲ ಇದ್ದ ಕೆಲಸದ ಸ್ಥಳದಲ್ಲಿ ಮೊದಲ ಲೆಕ್ಕದಲ್ಲೂ ಸುಮಾರು 30, ಎರಡನೆಯದರಲ್ಲೂ ಸುಮಾರು 30. ಸೇದುವವರೇ ಕಡಿಮೆಯಾದರು ಎಂದು ತಜ್ಞರು ಹೇಳಿಯಾರು. ಹೇಳಲಿ. ನಾನಂತೂ ಈ ಇಳಿಕೆಯನ್ನು ಈ ದೇಶದ ಹೆಂಡಂದಿರ ಖಾತೆಗೆ ಜಮಾ ಮಾಡಿಬಿಟ್ಟಿದ್ದೇನೆ.

ನಮ್ಮ ಮನೆಯ ಕಾಯಿದೆ ಕಂತುಕಂತಾಗಿ ಬಂದದ್ದು. ಮದುವೆಯಾದ ಹೊಸತರಲ್ಲಿ ನಮ್ಮನೆಯವರು ನಡುಮನೆಯಲ್ಲೇ ಕಾಲು ಚಾಚಿ ಸೇದುತ್ತಿದ್ದರು. ಹೊಸ ಕರ್ಟನ್ ಬಂದಾಗ ವರಾಂಡಕ್ಕೆ ವರ್ಗವಾಯಿತು. ಮಗು ಹುಟ್ಟಿದಾಗ ಬಾತ್‌ರೂಮಿಗೆ. ಅಲ್ಲಿ ನಲ್ಲಿ ಬಿಟ್ಟು, ಎಕ್ಸಾಸ್ಟ್ ಫ್ಯಾನು ಹಾಕಿ, ಹೊರಗೆ ಬಂದು ಲವಂಗ ಅಗಿಯುತ್ತಾ "ನೀರು ಚೆನ್ನಾಗಿ ಬರ್ತಿದೆ ಕಣೇ" ಎನ್ನುತ್ತಿದ್ದರು. ನಲ್ಲಿಯಲ್ಲಿ ನೀರೇ ಬಾರದ ಬೇಸಿಗೆಯಲ್ಲೂ ಅದೇ ಮಾತು ಬಂದಾಗ ಅಲ್ಲಿಂದಲೂ ಎತ್ತಂಗಡಿಯಾಯಿತು. ಈಗ ಬಾಲ್ಕನಿ. ಅಲ್ಲೂ ನೆಮ್ಮದಿಯಿಲ್ಲ. ಮೇಲಿನ ಮನೆಯ ಅಜ್ಜಿ ಬೇಸಿಗೆಯಲ್ಲಿ ಸಂಡಿಗೆ ಒಣಗಿಸುತ್ತಾರೆ. ಅವರ ಅಕ್ಕಿ ಸಂಡಿಗೆ ಕರಿದಾಗ ಚಾರ್ಮಿನಾರ್ ವಾಸನೆ ಬರುತ್ತದೆಂದು ದೂರು ಬಂದಿದೆ. "ಚಾರ್ಮಿನಾರ್ ಬಿಟ್ಟು ಎಷ್ಟು ವರ್ಷ ಆಯ್ತು!" ಎಂದು ನಮ್ಮನೆಯವರಿಗೆ ಕೋಪ. ತಪ್ಪು ಹೊರಿಸಿದ್ದಕ್ಕಲ್ಲ, ಬ್ರಾಂಡು ಕೆಳಗಿಳಿಸಿದ್ದಕ್ಕೆ.

ಸರ್ಕಾರದ ಇನ್‌ಸ್ಪೆಕ್ಟರಿಗೆ ಸೇದುವಾಗಲೇ ಹಿಡಿಯಬೇಕೆಂಬ ಕಟ್ಟುಪಾಡಿದೆ. ಹೆಂಡತಿಗೆ ಅದಿಲ್ಲ. ಷರ್ಟಿನ ಜೇಬು, ಬೆರಳಿನ ಸಂದಿ, ತಲೆದಿಂಬು ಎಲ್ಲವೂ ಸಾಕ್ಷಿ ಹೇಳುತ್ತವೆ. ಮಗಳು ಶಾಲೆಯಲ್ಲಿ ಶ್ವಾಸಕೋಶದ ಚಿತ್ರ ಬಿಡಿಸಿ, ಒಂದು ಬದಿಗೆ ಕಪ್ಪು ಬಣ್ಣ ತುಂಬಿ ಫ್ರಿಜ್ಜಿಗೆ ಅಂಟಿಸಿದ ಮೇಲಂತೂ ತಣ್ಣೀರು ಕುಡಿಯಲೂ ಅವರಿಗೆ ಮುಜುಗರ. ಪ್ಯಾಕಿನ ಮೇಲೆ ಶೇಕಡಾ 85 ಜಾಗ ತುಂಬಿರುವ ಸರ್ಕಾರಿ ಎಚ್ಚರಿಕೆಯನ್ನು ಅವರು ಹೆಬ್ಬೆರಳಿನಿಂದ ಮುಚ್ಚಿಕೊಳ್ಳಬಲ್ಲರು. ಮಗಳ ಚಿತ್ರ ಮುಚ್ಚಲು ಧೈರ್ಯ ಸಾಲದು.

ಇಷ್ಟೆಲ್ಲ ಕಾನೂನನ್ನು ಮೀರಿದ ಕಾನೂನು ಇನ್ನೊಂದಿದೆ. ಅದು ನಮ್ಮ ತವರಿನಲ್ಲಿ ಗೊತ್ತಾಗುತ್ತದೆ. ನಮ್ಮದು ಹುಣಸೂರಿನ ಕಡೆ, ಹೊಗೆಸೊಪ್ಪಿನ ಸೀಮೆ. ಅಪ್ಪ ತಂಬಾಕು ಬೆಳೆದು, ಬ್ಯಾರನ್ನಿನಲ್ಲಿ ಹದ ಮಾಡಿ, ತಂಬಾಕು ಮಂಡಳಿಯ ಹರಾಜಿಗೆ ಹಾಕಿ ನಮ್ಮನ್ನು ಓದಿಸಿದವರು. ಸ್ವತಃ ಒಂದು ದಿನವೂ ಬೀಡಿ ಮುಟ್ಟಿದವರಲ್ಲ. "ಬೆಳೆಯೋದು ಹೊಟ್ಟೆಪಾಡು ಕಣವ್ವಾ, ಸೇದೋದು ಪೊಗರು" ಎನ್ನುತ್ತಾರೆ. ಅವರ ಜಗಲಿಯಲ್ಲಿ ಬೋರ್ಡಿಲ್ಲ, ದಂಡವಿಲ್ಲ. ಆದರೂ ಐವತ್ತು ದಾಟಿದ ಅಳಿಯ, ಮಾವನ ಕೆಮ್ಮು ಕೇಳಿದ ಕೂಡಲೇ ಉರಿಯುವ ಸಿಗರೇಟನ್ನು ಅಂಗೈಯೊಳಗೆ ಮುಚ್ಚಿಕೊಂಡು, ಸುಟ್ಟರೂ ತುಟಿ ಪಿಟಕ್ಕೆನ್ನದೆ "ಮಳೆ ಹೇಗಿದೆ ಮಾವ?" ಎಂದು ವಿಚಾರಿಸುತ್ತಾರೆ. ಸುತ್ತ ಎಕರೆಗಟ್ಟಲೆ ತಂಬಾಕು ನಿಂತಿರುವ ಊರಿನಲ್ಲಿ ಒಂದು ಸಿಗರೇಟಿಗಾಗಿ ಕೆರೆ ಏರಿಯವರೆಗೆ ನಡೆಯುವ ಗಂಡಸನ್ನು ನೋಡಬೇಕಾದರೆ ಅಲ್ಲಿಗೇ ಬರಬೇಕು.

2025ರ ಮೇ ತಿಂಗಳಲ್ಲಿ ಕರ್ನಾಟಕದ ತಿದ್ದುಪಡಿ ಬಂದು, ಇನ್ನೂರು ರೂಪಾಯಿ ಇದ್ದ ದಂಡ ಸಾವಿರಕ್ಕೆ ಏರಿತು. ಸಿಗರೇಟು ಕೊಳ್ಳುವ ವಯಸ್ಸು ಇಪ್ಪತ್ತೊಂದಾಯಿತು. ಆ ಸುದ್ದಿ ಓದಿದ ನಮ್ಮನೆಯವರಿಗೆ ತಾವೂ ಕಾನೂನು ಓದಬೇಕೆನಿಸಿತು. 2008ರ ನಿಯಮಗಳನ್ನು ಹುಡುಕಿ ತೆಗೆದು, "ನೋಡು, ಮೂವತ್ತು ಕೋಣೆ ಇರೋ ಹೋಟೆಲಿನಲ್ಲಿ ಸೇದೋರಿಗೆ ಬೇರೆ ಜಾಗ ಕೊಡಬಹುದು ಅಂತ ಬರೆದಿದೆ. ಸರ್ಕಾರಕ್ಕೂ ಕರುಣೆ ಇದೆ" ಎಂದರು.

"ಇನ್ನು ಇಪ್ಪತ್ತೇಳು ಕೋಣೆ ಕಟ್ಟಿಸಿರೀ, ಒಂದನ್ನ ನಿಮಗೇ ಬಿಟ್ಟುಕೊಡ್ತೀನಿ" ಎಂದೆ.

ಅವರು ಬಿಡಲಿಲ್ಲ. "ಮೂವತ್ತು ಜನ ಕೂತು ಊಟ ಮಾಡೋ ಕಡೆಗೂ ಅದೇ ವಿನಾಯಿತಿ ಇದೆ. ಯುಗಾದಿಗೆ ನಿನ್ನ ತವರಿನವರೆಲ್ಲ ಬಂದ್ರೆ ಇಲ್ಲಿ ಮೂವತ್ತು ಎಲೆ ಬೀಳಲ್ವಾ? ಆವತ್ತೊಂದು ದಿನ ನಾನು ರಾಜಾರೋಷವಾಗಿ ಹಾಲಿನಲ್ಲೇ ಸೇದಬಹುದು."

"ಧಾರಾಳವಾಗಿ. ಮೊದಲನೇ ಎಲೆ ನಮ್ಮಪ್ಪಂದು" ಎಂದೆ.

ಅವರು ನಿಯಮಗಳ ಪುಟ ಮುಚ್ಚಿ, ಲವಂಗದ ಡಬ್ಬಿ ಎಲ್ಲಿದೆ ಎಂದು ಕೇಳಿದರು.