ವಾಟ್ ಲೆಕ್ಕ, ಟೀ ಬಾಕಿ

ತಾಳವಾಡಿ ಸೀಮೆಯಲ್ಲಿ ಮೈಕ್‌ಸೆಟ್ಟಿನ ಬಗ್ಗೆ ಅಭಿಪ್ರಾಯವಿಲ್ಲದ ಗಂಡಸು ಇನ್ನೂ ಹುಟ್ಟಬೇಕು. ರಾಜಕೀಯದಲ್ಲಿ ನಾವು ಸ್ವಲ್ಪ ಹುಷಾರು. ಓಟು ತಮಿಳುನಾಡಿನದು, ನೆಂಟಸ್ತನ ಚಾಮರಾಜನಗರದ್ದು. ಯಾರೆದುರು ಆಡಿದ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೋ ಹೇಳಲಾಗದು. ಆಂಪ್ಲಿಫೈಯರಿನ ವಿಷಯದಲ್ಲಿ ಆ ಭಯವಿಲ್ಲ. ಹಾಗಾಗಿ ಊರಹಬ್ಬಕ್ಕೆ ತಿಂಗಳಿರುವಾಗಲೇ ಟೀ ಅಂಗಡಿಯ ಬೆಂಚಿನ ಮೇಲೆ ‘ಈ ಸಲ ಯಾರ ಸೆಟ್ಟು?’ ಎಂಬ ವಿಚಾರಣೆ ಶುರು. ನಾನು ಅದರ ಕಾಯಂ ಸದಸ್ಯ. ಇಷ್ಟು ವರ್ಷ ಕೂತು ಕಂಡುಕೊಂಡದ್ದು ಇಷ್ಟೇ: ಸೌಂಡು ತೂಗಿ ನೋಡುವುದಕ್ಕೆ ಕಿವಿ ಅಷ್ಟಾಗಿ ಬೇಕಾಗಿಲ್ಲ, ಬಾಯಿ ಗಟ್ಟಿಯಿದ್ದರೆ ಸಾಕು.

ಸದಸ್ಯರನ್ನು ಅವರವರ ಲೋಟದಿಂದಲೇ ಗುರುತಿಸಬಹುದು. ಮೈಕ್‌ಸೆಟ್ ಮಾವನಿಗೆ ಸ್ಟ್ರಾಂಗ್ ಟೀ, ಸಕ್ಕರೆ ಜಾಸ್ತಿ. ಅವರ ಆಂಪ್ಲಿಫೈಯರಿನಲ್ಲಿ ಬೇಸ್ ತಿರುಗಣೆಯೂ ಸದಾ ತುದಿಗೇ ಇರುತ್ತದೆ. ನಿವೃತ್ತ ಮೇಷ್ಟ್ರಿಗೆ ಸಕ್ಕರೆ ಇಲ್ಲದ ಕಾಫಿ. ಹಾಡಿಗೂ ಏನನ್ನೂ ಬೆರೆಸಬಾರದು, ಬೇಸ್ ಟ್ರೆಬಲ್ ಎರಡೂ ನಡುವೆ ನಿಲ್ಲಬೇಕು. ಬೆಂಗಳೂರಿನಿಂದ ಬರುವ ನನ್ನ ಅಕ್ಕನ ಮಗನಿಗೆ ಹಾಲು ಸೋಕದ ಕಪ್ಪು ಕಾಫಿ. ಸಂಜೆಯ ಮೇಲೆ ಬಂದು ಸೇರುವ ಒಬ್ಬರ ಸ್ಟೀಲ್ ಲೋಟದಲ್ಲಿ ಏನಿದೆಯೆಂದು ಯಾರೂ ಕೇಳುವುದಿಲ್ಲ; ಅವರಿಗೆ ಎಲ್ಲ ಸೆಟ್ಟೂ ಚೆನ್ನಾಗಿಯೇ ಕೇಳಿಸುತ್ತದೆ. ಊರ ಯಜಮಾನರು ಮನೆಯಿಂದ ತರಿಸಿದ ಮಜ್ಜಿಗೆ ಕುಡಿಯುತ್ತಾ ತುಟಿ ಬಿಚ್ಚದೆ ಕೂತಿರುತ್ತಾರೆ.

ಮಾವನ ಆಂಪ್ಲಿಫೈಯರ್ ಕಂಪನಿ ಮಾಲಲ್ಲ, ಕೈಯಾರೆ ಜೋಡಿಸಿದ್ದು. ತಗಡಿನ ಪೆಟ್ಟಿಗೆ, ಹಿಂಬದಿಯ ಹೀಟ್‌ಸಿಂಕಿನ ಮೇಲೆ ಸಾಲಾಗಿ ಕೂತ 2ಎನ್3055 ಟ್ರಾನ್ಸಿಸ್ಟರ್‌ಗಳು. ವಾಲ್ಯೂಮಿನ ತಿರುಗಣೆ ಕಳಚಿಹೋಗಿ ಆ ಜಾಗದಲ್ಲಿ ಟೂತ್‌ಪೇಸ್ಟಿನ ಮುಚ್ಚಳ. ಸ್ವಿಚ್ ಹಾಕಿದೊಡನೆ ಹಾಡಿಗಿಂತ ಮೊದಲು 50 ಹರ್ಟ್ಸ್ ಕರೆಂಟಿನ ಗುಂಯ್ ಎನ್ನುವ ಸದ್ದು. ‘ಅದು ಶ್ರುತಿ ಕನಪ್ಪ’ ಎನ್ನುತ್ತಾರೆ ಮಾವ.

ಪರೀಕ್ಷೆಗೊಂದು ಕ್ರಮವಿದೆ. ಬೇಸ್ ನೋಡಲು ಇಳಯರಾಜ, ಕಂಠ ನೋಡಲು ರಾಜ್‌ಕುಮಾರ್. ಗಡಿನಾಡಿನ ನ್ಯಾಯ, ಎರಡು ಭಾಷೆಗೂ ಒಂದೊಂದು ಖಾತೆ. ಗಾಜನೂರು ಇಲ್ಲೇ ಪಕ್ಕದಲ್ಲಿರುವಾಗ ಅಣ್ಣಾವ್ರ ದನಿ ಮೂಗಿನಲ್ಲಿ ಬರುವ ಸೆಟ್ಟಿಗೆ ಅಡ್ವಾನ್ಸ್ ಕೊಡುವ ಧೈರ್ಯ ಯಾರಿಗಿದೆ? ಗಾಯನಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟ, 1992ರ ‘ಜೀವನ ಚೈತ್ರ’ದ ಹಾಡನ್ನೇ ಹಾಕುತ್ತಾರೆ. ಪಲ್ಲವಿ ಮುಗಿಯುವಷ್ಟರಲ್ಲಿ ‘ಟ್ರೆಬಲ್ ಚುಚ್ತದೆ’ ಎಂದು ಒಬ್ಬರು, ‘ಎಕೋ ತೆಗಿ’ ಎಂದು ಇನ್ನೊಬ್ಬರು. ಆ ಹಾಡಿನ ಕೊನೆ ಹೇಗಿದೆಯೆಂದು ನಮ್ಮ ಬೆಂಚಿನಲ್ಲಿ ಯಾರಿಗೂ ಗೊತ್ತಿಲ್ಲ.

ಈ ಸಲ ಯುವಕರ ಸಂಘದವರು ಹೊಸ ಸ್ಪೀಕರ್ ತಂದಿಟ್ಟರು. ದಿಂಬಂ ಘಾಟಿಯ 27 ತಿರುವು ಹತ್ತಿ ಬಂದ ಪೆಟ್ಟಿಗೆ. ಅಲ್ಲಾಡಿಸಿದರೆ ಒಳಗೊಂದು ಸ್ಕ್ರೂ ಉರುಳುತ್ತಿತ್ತು. ಮೈಮೇಲೆ ‘2,000 ವಾಟ್ ಪಿಎಂಪಿಒ’. ಮೇಷ್ಟ್ರು ಕನ್ನಡಕ ಏರಿಸಿ ಅಡಾಪ್ಟರ್ ತಿರುಗಿಸಿ ಓದಿದರು: 12 ವೋಲ್ಟ್, 2 ಆಂಪಿಯರ್. ‘ಗುಣಿಸ್ರಪ್ಪ’ ಎಂದರು. ಒಳಗೆ ಹೋಗುವುದು 24, ಹೊರಗೆ ಬರುವುದು 2,000! ‘ದ್ರೌಪದಿಯ ಅಕ್ಷಯಪಾತ್ರೆ ಇದು. ಕರೆಂಟ್ ಆಫೀಸಿಗೆ ತಿಳಿಸಿ, ಅಣೆಕಟ್ಟು ಕಟ್ಟೋ ಖರ್ಚು ಉಳೀತದೆ.’

ಅಷ್ಟಕ್ಕೇ ಬಿಡುವವರಲ್ಲ ಮೇಷ್ಟ್ರು. 1935ರಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ಒಂಟಿಕೊಪ್ಪಲಿನ ತಮ್ಮ ಮನೆಯಿಂದ ಬಾನುಲಿ ಶುರು ಮಾಡಿದಾಗ ಟ್ರಾನ್ಸ್‌ಮಿಟರ್ ಬರೀ 30 ವಾಟಿನದು. ‘ಮೂವತ್ತು ವಾಟಲ್ಲಿ ರೇಡಿಯೋ ಸ್ಟೇಷನ್ನೇ ನಡೀತು. ಗುಡಿ ಮುಂದಕ್ಕೆ ನಿಮಗೆ ಎರಡು ಸಾವಿರ ಬೇಕಾ?’ ‘ಅದು ಗಾಳಿಗೆ ಹೋಗೋ ವಾಟು, ಇದು ಕಿವಿಗೆ ಹೋಗೋ ವಾಟು’ ಎಂದು ಮಾವ ಅಡ್ಡ ಬಂದರು, ಅದೂ ನಿಜವೇ. ವಾಟ್ ಎರಡರಷ್ಟಾದರೆ ಏರುವುದು 3 ಡೆಸಿಬಲ್ ಮಾತ್ರ, ಸದ್ದು ಎರಡರಷ್ಟು ಅನ್ನಿಸಬೇಕಾದರೆ ವಾಟ್ ಸುಮಾರು ಹತ್ತು ಪಟ್ಟಾಗಬೇಕು ಎಂದು ಮೇಷ್ಟ್ರು ಚೆಲ್ಲಿದ ಟೀಯಲ್ಲಿ ಬೆರಳದ್ದಿ ಬೆಂಚಿನ ಮೇಲೆ ಬರೆದು ತೋರಿಸಿದರು. ಅಂಗಡಿಯವನು ಬಂದು ಬಟ್ಟೆಯಲ್ಲಿ ಒರೆಸಿಕೊಂಡು ಹೋದ.

ಅಕ್ಕನ ಮಗನದು ಹೆಡ್‌ಫೋನ್ ಪಂಥ. ಒಂದು ತಿಂಗಳ ಸಂಬಳ ಕೊಟ್ಟು ತಂದದ್ದನ್ನು ಮಾವನ ಕಿವಿಗೆ ಏರಿಸಿದ. ‘ತಬಲದವರು ಎಡಕ್ಕೆ ಕೂತಿರೋದು ಗೊತ್ತಾಗುತ್ತಾ ತಾತ?’ ‘ಎಲ್ಲಿ ಕೂತ್ರೆ ನಮಗೇನ್ ಮಗಾ, ಊಟಕ್ಕೆ ಕರೀಬೇಕಾ?’ ಎಂದು ಮಾವ ಬಸ್‌ಸ್ಟ್ಯಾಂಡಿಗೆ ಕೇಳುವಂತೆ ಕಿರುಚಿದರು. ಕಿವಿ ಮುಚ್ಚಿಕೊಂಡವನಿಗೆ ತನ್ನ ಗಂಟಲಿನ ಅಂದಾಜು ಇರುವುದಿಲ್ಲ. ಆಮೇಲೆ ತೆಗೆದಿಟ್ಟು, ‘ಚೆಂದಾಗದೆ. ಆದ್ರೆ ಆಚೆ ಯಾರ್ಗೂ ಕೇಳ್ಸಲ್ವಲ್ಲ, ಇದ್ರಲ್ಲಿ ಹಬ್ಬ ಮಾಡದೆಂಗೆ?’ ಎಂದರು. ಬೆವರು, ಮಳೆನೀರು ಎಲ್ಲ ತಡೆಯುತ್ತೆ ಎಂದ ಹುಡುಗ. ‘ಗುಮಟಾಪುರದ ಗೊರೆಹಬ್ಬ ತಡೀತದಾ?’ ದೀಪಾವಳಿಯ ಬೆನ್ನಿಗೇ ಊರವರೆಲ್ಲ ಸಗಣಿ ಉಂಡೆ ಎಸೆದಾಡುವ ಆ ಹಬ್ಬದಿಂದ ಹಾಡುತ್ತಲೇ ವಾಪಸು ಬಂದ ಸೆಟ್ಟು ಮಾವನದು. ಹುಡುಗ ಕಪ್ಪು ಕಾಫಿಗೆ ತಿರುಗಿದ.

ಅವನ ಪರ ವಹಿಸಲು ಮೇಷ್ಟ್ರು ಮಹಾರಾಜರನ್ನೇ ಕರೆತಂದರು. 1950ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಜರ್ಮನಿಯ ರಿಚರ್ಡ್ ಸ್ಟ್ರಾಸ್ ರಚಿಸಿದ ಕೊನೆಯ ಗೀತೆಗಳು ಮೊದಲ ಸಲ ಕೇಳಿಬಂದದ್ದು ಜಯಚಾಮರಾಜ ಒಡೆಯರ ಹಣದ ಬೆಂಬಲದಿಂದ. ಕಚೇರಿಯನ್ನು ಅವರಿಗಾಗಿಯೇ ಧ್ವನಿಮುದ್ರಿಸಿದ್ದರು. ‘ಕೇಳೋದು ಅಂದ್ರೆ ಹಾಗೆ’ ಎಂದರು ಮೇಷ್ಟ್ರು. ‘ಬುಡಿ ಮೇಷ್ಟ್ರೆ, ಅವರೇನು ನಮ್ಮತ್ರ ಬಾಡಿಗೆ ಸೆಟ್ಟು ಕೇಳ್ನಿಲ್ಲವಲ್ಲ’ ಎಂದರು ಮಾವ.

ಕಿವಿಯೆಂದರೆ ಆನೆಯದು. ಏಷ್ಯಾದ ಆನೆಗಳು 14ರಿಂದ 24 ಹರ್ಟ್ಸ್‌ನ ತಗ್ಗುದನಿಯಲ್ಲಿ ಮಾತಾಡಿಕೊಳ್ಳುತ್ತವೆ ಎಂದು ಅಮೆರಿಕದ ಕೇಟಿ ಪೇನ್ 1980ರ ದಶಕದಲ್ಲಿ ಪತ್ತೆಹಚ್ಚಿದರು. ಮನುಷ್ಯನ ಕಿವಿ ಸುಮಾರು 20ಕ್ಕೆ ನಿಂತುಹೋಗುತ್ತದೆ. ಮಾವನ ಬೇಸ್ ಬಾಕ್ಸು ಅದಕ್ಕೂ ಎಷ್ಟೋ ಮೊದಲೇ ಸುಸ್ತು. ಸತ್ಯಮಂಗಲದ ಕಾಡಂಚಿನ ಹೊಲದಲ್ಲಿ ರಾತ್ರಿಯಿಡೀ ಪಟಾಕಿ ಹಿಡಿದು ಕಾಯುವುದು ಬೇಸರವಾಗಿ ಮಾವ ಒಮ್ಮೆ ಕಬ್ಬಿನ ಗದ್ದೆಗೆ ಹಾರ್ನ್ ಕಟ್ಟಿ, ಆನೆ ಓಡಿಸಲು ಹಾಡು ಹಾಕಿದ್ದರು. ಆನೆ ಬಂತು, ಕಬ್ಬು ಮುರಿಯಿತು, ಹಾಡು ಮುಗಿಯುವ ತನಕ ಕದಲಲಿಲ್ಲ. ‘ನಮ್ಮ ಸೀಮೆಯಲ್ಲಿ ಒಂದು ಹಾಡನ್ನ ಪೂರ್ತಿ ಕೇಳಿದ್ದು ಅದೊಂದೇ ಜೀವ’ ಎಂದು ಮೇಷ್ಟ್ರು ಇಂದಿಗೂ ಹೇಳುತ್ತಾರೆ.

ಅಷ್ಟೆಲ್ಲ ವಾದವಾಗಿ, ಟೀ ಬಾಕಿ ಮಗ್ಗಿಯಂತೆ ಬೆಳೆದ ಮೇಲೆ ಯಜಮಾನರು ಮಜ್ಜಿಗೆ ಲೋಟ ಕೆಳಗಿಟ್ಟು ಬಾಯಿ ಬಿಟ್ಟರು. ಹಬ್ಬಕ್ಕೆ ಬಂದದ್ದು ಅವರ ಅಳಿಯನ ಸೆಟ್ಟು. ಅದು ಎಷ್ಟು ವಾಟು ಎಂದು ಯಾರೂ ಕೇಳಲಿಲ್ಲ. ಯಜಮಾನರಿಗೆ ಒಬ್ಬಳೇ ಮಗಳು ಎಂಬುದು ಎಲ್ಲರಿಗೂ ಗೊತ್ತಿತ್ತು.