ಮುಂಬೈ ಹತ್ತಿರ, ಪಡಸಾಲೆ ದೂರ

ಹುನ್ನೂರಿನ ನಮ್ಮ ಮನೆಯ ಗೋಡೆಗಳನ್ನು ಮುತ್ಯಾ ಕಟ್ಟಿಸಿದ್ದು ಕಳ್ಳರು ಕನ್ನ ಕೊರೆಯಬಾರದು ಅಂತ. ಕಲ್ಲು, ಮಣ್ಣು ಸೇರಿ ಎರಡು ಮೊಳ ದಪ್ಪ. ಬೇಸಿಗೆಯ ಬಿಸಿಲು ಒಳಗೆ ಬರದು, ಮಗ್ಗಲ ಮನೆಯ ಜಗಳ ಕೇಳಿಸದು. ವೈಫೈಗೂ ಅವು ಅದೇ ಮರ್ಯಾದೆ ಮಾಡುತ್ತವೆ ಎಂದು ತಿಳಿದದ್ದು ಮಗ ಒಳಕೋಣೆಯಿಂದ ಚೀರತೊಡಗಿದ ಮೇಲೆ: “ಅಪ್ಪಾ, ಮತ್ತ ಲ್ಯಾಗ್ ಆತು! ನನ್ನ ಹೊಡದ ಹಾಕಿದ್ರು!”

ಹೊಡೆದು ಹಾಕಿದ್ದು ಬಿಜಿಎಂಐ ಆಟದಲ್ಲಿ. 2020ರ ಸೆಪ್ಟೆಂಬರಿನಲ್ಲಿ ಸರ್ಕಾರ ಪಬ್‌ಜಿಯನ್ನು ನಿಷೇಧಿಸಿದಾಗ ನಾನು ಹಣಮಪ್ಪನಿಗೆ ಕಾಯಿ ಒಡೆಸಿದ್ದೆ. ಮರುವರ್ಷದ ಜುಲೈಗೆ ಅದು ಹೆಸರು ಬದಲಿಸಿಕೊಂಡು ತಿರುಗಿ ಬಂತು. ಒಡೆಸಿದ ಕಾಯಿ ವಾಪಸ್ ಕೇಳುವ ಪದ್ಧತಿ ನಮ್ಮಲ್ಲಿಲ್ಲ.

ನಾನು ಹೈಸ್ಕೂಲಿನ ವಿಜ್ಞಾನ ಮಾಸ್ತರ. ಅಲೆಗಳ ಪಾಠ ಹೇಳುತ್ತಲೇ ತಲೆ ಬೆಳ್ಳಗಾಗಿದೆ. ಇಂಥವನು ಕೇಬಲ್ ಹುಡುಗನ ಎದುರು ಕೈಕಟ್ಟಿ ನಿಲ್ಲುವುದುಂಟೆ? ಮೊದಲು ಪ್ಲ್ಯಾನ್ ಏರಿಸಿದೆ, 40ರಿಂದ 100 ಎಂಬಿಪಿಎಸ್‌ಗೆ. ಬಿಲ್ಲು ಏರಿತು, ಲ್ಯಾಗ್ ಇದ್ದಲ್ಲೇ ಇತ್ತು. ಇಂಥ ಆಟಕ್ಕೆ ಒಂದು ಎಂಬಿಪಿಎಸ್ ಕೂಡ ಪೂರ್ತಿ ಬೇಡವಂತೆ. ಸಣ್ಣ ಸಣ್ಣ ಸಂದೇಶಗಳು ತಡವಿಲ್ಲದೆ ಹೋಗಿ ಬಂದರೆ ಸಾಕು. ಆ ಹೋಗಿಬರುವ ಹೊತ್ತೇ ಪಿಂಗ್. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಆಟದ ಸರ್ವರ್ ಮುಂಬೈಯಲ್ಲಿದೆ ಎಂದುಕೊಂಡು, ಅಲ್ಲಿಗೆ ಸುತ್ತಿ ಬಳಸಿ ಸಾವಿರ ಕಿಲೋಮೀಟರ್ ಎಂದು ಹಿಡಿದರೂ ಅದು ಹೋಗಿ ಬರಲು 10 ಮಿಲಿಸೆಕೆಂಡ್ ಸಾಕು. ಮಗನ ಮೊಬೈಲಿನಲ್ಲಿ ಸಂಜೆಯಾದರೆ 300 ದಾಟುತ್ತಿತ್ತು. ಅಂದರೆ ಮುಂಬೈ ಹತ್ತಿರವೇ ಇತ್ತು, ನಮ್ಮ ಪಡಸಾಲೆ ದೂರ.

ರೂಟರ್ ಕೂತಿದ್ದು ದೇವರ ಜಗಲಿಯ ಮಗ್ಗಲ ಮಾಡದಲ್ಲಿ. ಮುಂದೆ ತಾಮ್ರದ ಕೊಡ, ಹಿತ್ತಾಳೆಯ ಸಮೆ. ಹಿಂದೆ ಮುತ್ಯಾನ ಗೋಡೆ. ಖಂಡೇಪೂಜೆಗೆ ಅವ್ವ ರೂಟರಿಗೂ ವಿಭೂತಿ ಹಚ್ಚಿ ಚೆಂಡುಹೂವು ಏರಿಸಿದ್ದಳು. ಲೋಹಕ್ಕೆ ಬಡಿದ ಅಲೆ ತಿರುಗಿ ಬರುತ್ತದೆ, ದಪ್ಪ ಗೋಡೆ ಅದನ್ನು ನುಂಗುತ್ತದೆ, 2.4 ಗಿಗಾಹರ್ಟ್ಸ್‌ನದು ಹೇಗೋ ತೆವಳಿ ದಾಟೀತು, 5 ಗಿಗಾಹರ್ಟ್ಸ್‌ನದು ವೇಗದ್ದಾದರೂ ಗೋಡೆ ಕಂಡಲ್ಲೇ ಕೂತುಬಿಡುತ್ತದೆ ಎಂದು ಅವ್ವನಿಗೆ ಪಾಠ ಒಪ್ಪಿಸಿದೆ.

“ದೇವರ ಮಗ್ಗಲದಾಗ ಇಟ್ಟಿದ್ದಕ್ಕ ಕೆಡತೈತೇನೋ ತಮ್ಮಾ?” ಅಂದಳು.

ರೂಟರನ್ನು ತೊಲೆಗೆ ಏರಿಸಿದೆ. ಒಳಕೋಣೆಯಲ್ಲೂ ಸಿಗ್ನಲ್ ತುಂಬಿತು. ಸಂಜೆ ಆರಕ್ಕೆ ಮತ್ತೆ ಅದೇ ಚೀರಾಟ. ಹಂಗಾಮಿನ ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆಯ ಮೇಲಿನ ಕೇಬಲ್ ಜಗ್ಗಿರಬೇಕು ಎಂದು ತೀರ್ಪು ಕೊಟ್ಟೆ. ಕೊನೆಗೂ ಕರೆಸಬೇಕಾಗಿ ಬಂದ ಕೇಬಲ್ ಹುಡುಗ ನಕ್ಕ: “ವಯರ್ ಹರದ್ರ ನೆಟ್ ಪೂರಾ ಹೋಗತೈತ್ರಿ ಮಾಸ್ತರ್ರ. ದಿನಾ ಟೈಮ್ ನೋಡಿ ಹರಿಯಾಂಗಿಲ್ರಿ.”

ಒಲೆಯ ಮುಂದಿನಿಂದ ಹೆಂಡತಿ ಕೇಳಿದಳು: “ಅಲ್ರೀ, ನೀವು ಸಾಲಿಂದ ಬಂದ ಮ್ಯಾಲನ ಅದಕ್ಕ ಯಾಕ ರೋಗ ಬಡೀತೈತಿ? ನೀವು ಜಮಖಂಡಿಗೆ ಹ್ವಾದ ದಿನಾ ಹುಡುಗ ಆರಾಮ ಗೆಲ್ತಾನ.”

ಇದು ವಿಜ್ಞಾನವಲ್ಲ, ಸೊಸೆಯಂದಿರ ತರ್ಕ ಎಂದು ನಾನು ನಗುವಷ್ಟರಲ್ಲಿ ಕೇಬಲ್ ಹುಡುಗ ನನ್ನ ಮೊಬೈಲು ಇಸಿದುಕೊಂಡ. ಶಾಲೆಯ ಕಾರ್ಯಕ್ರಮ, ಕಬ್ಬಿನ ಹೊಲದ ಮೇಲಿನ ಸೂರ್ಯಾಸ್ತ, ನೆರೆಯವರ ಹೋರಿ, ಹೀಗೆ ಕಂಡದ್ದನ್ನೆಲ್ಲ ವಿಡಿಯೋ ಮಾಡುವ ಹವ್ಯಾಸ ನನ್ನದು. ಮನೆಯ ವೈಫೈ ಸಿಕ್ಕೊಡನೆ ಮೊಬೈಲು ಅವನ್ನೆಲ್ಲ ಬ್ಯಾಕಪ್‌ಗೆ ಏರಿಸತೊಡಗುತ್ತಿತ್ತು. ಸಮೀರವಾಡಿ ಸಕ್ಕರೆ ಕಾರ್ಖಾನೆಯ ಕಾಟಾದ ಮುಂದೆ ಟ್ರ್ಯಾಕ್ಟರುಗಳ ಸಾಲು ಹತ್ತಿದಾಗ ಬರೇ ಒಂದು ಚೀಟಿ ಕೊಡಲು ಬಂದ ಸೈಕಲ್ಲಿನವನೂ ಹಿಂದೆಯೇ ನಿಂತಂತೆ, ಮಗ ಹಾರಿಸಿದ ಗುಂಡು ನನ್ನ ಹೋರಿಯ ಹಿಂದೆ ಪಾಳಿಗೆ ನಿಂತಿತ್ತು. ಇದಕ್ಕೆ ಬಫರ್‌ಬ್ಲೋಟ್ ಎನ್ನುತ್ತಾರೆ. ಅಮೆರಿಕದ ಎಂಜಿನಿಯರ್ ಜಿಮ್ ಗೆಟ್ಟಿಸ್ 2010ರಲ್ಲಿ ತಮ್ಮ ಮನೆಯ ನೆಟ್‌ನಲ್ಲೇ ಇದನ್ನು ಹಿಡಿದು ಹೆಸರಾದರು. ನನ್ನ ಮನೆಯಲ್ಲಿ ನಾನೇ ಸಿಕ್ಕಿಬಿದ್ದೆ, ಹೆಸರು ಹೆಂಡತಿಗೆ ಹೋಯಿತು.

ಸಣ್ಣ ಸಂದೇಶಗಳನ್ನು ಸಾಲಿನಿಂದ ತೆಗೆದು ಮುಂದೆ ಬಿಡುವ ಏರ್ಪಾಡು ಕೆಲವು ರೂಟರುಗಳಲ್ಲಿದೆ, ನಮ್ಮದರಲ್ಲಿಲ್ಲ. ಹಾಗಾಗಿ ಆ ಅಧಿಕಾರವನ್ನು ಹೆಂಡತಿ ವಹಿಸಿಕೊಂಡಿದ್ದಾಳೆ. ಗೋಡೆಯ ತಂಟೆಯೂ ಬೇಡವೆಂದು ಬೆಳಕಿಂಡಿಯಿಂದ ಲ್ಯಾನ್ ವಯರ್ ಇಳಿಸಿ ಮಗನ ಕೋಣೆಯಲ್ಲೇ ಇನ್ನೊಂದು ರೂಟರ್ ಇಟ್ಟಾಯಿತು. ಮುತ್ಯಾನ ಗೋಡೆಗೆ ಕನ್ನ ಬೀಳಲಿಲ್ಲ. ನನ್ನ ಮೊಬೈಲಿಗೆ ವೈಫೈ ಸಿಗುವುದು ಇನ್ನು ನಟ್ಟಿರುಳಿನಲ್ಲಿ ಮಾತ್ರ.

ಆದ್ದರಿಂದ ಬಂಧುಬಳಗದಲ್ಲಿ, ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ನನ್ನ ಶುಭೋದಯದ ವಿಡಿಯೋಗಳು ಇನ್ನು ಮುಂದೆ ರಾತ್ರಿ ಎರಡು ಗಂಟೆಗೆ ಬರುತ್ತವೆ. ದಯವಿಟ್ಟು ಮೊಬೈಲು ಸೈಲೆಂಟ್ ಇಟ್ಟು ಮಲಗಿರಿ.